ಫ್ರೈಬುರ್ಗ್‌ನಲ್ಲಿ ಓದುವಾಗ ಶನಿವಾರ, ಭಾನುವಾರ ಎಲ್ಲಿಗೆ ಹೋಗಬಹುದು?

ಅಕ್ಟೋಬರ್‌ನಿಂದ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಎಂ.ಎಸ್ಸಿ. ಶುರು ಅಂತ ಬರೆದಿದ್ದೀರಿ. ತುಂಬಾ ಖುಷಿಯಾಯಿತು. ವಾರಾಂತ್ಯಕ್ಕೆ ಪ್ಯಾರಿಸ್, ಪ್ರಾಗ್, ವಿಯೆನ್ನಾ ಅಂತ ಪಟ್ಟಿ ಹಾಕಿ, ಕಡಿಮೆ ದುಡ್ಡಿನಲ್ಲಿ ಹೇಗೆ ಹೋಗೋದು ಅಂತ ಕೇಳಿದ್ದೀರಿ. ನಾನೂ ಅದೇ ಊರಲ್ಲಿ ಓದಿದವಳು. ಮೊದಲ ಸೆಮಿಸ್ಟರ್ ಮುಗಿಯುವ ತನಕ ಆ ಪಟ್ಟಿಯನ್ನು ಪಕ್ಕಕ್ಕಿಡಿ ಅಂತಲೇ ಹೇಳುತ್ತೇನೆ. ರಾತ್ರಿ ಬಸ್ಸಿನಲ್ಲಿ ಹೋಗಿ, ರಾತ್ರಿ ಬಸ್ಸಿನಲ್ಲೇ ವಾಪಸ್ ಬಂದರೆ ಸೋಮವಾರದ ಕ್ಲಾಸು ಕೈ ಬಿಟ್ಟಂತೆಯೇ. ಪ್ಯಾರಿಸ್‌ಗೆ ರಜೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಹೋಗಿ. ನೀವು ಹೋಗುತ್ತಿರುವ ಊರು ಫ್ರಾನ್ಸ್, ಸ್ವಿಟ್ಜರ್ಲೆಂಡ್ ಎರಡಕ್ಕೂ ಹತ್ತಿರ, ಪಕ್ಕದಲ್ಲೇ ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡು ತುಂಬಿದ ಬೆಟ್ಟಸಾಲು. ಅಲ್ಲಿದ್ದು ಇದನ್ನು ನೋಡದೆ ಬಂದವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಮೊದಲು ಟಿಕೆಟ್ ವಿಷಯ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2026ರಿಂದ ತಿಂಗಳಿಗೆ 63. ನೀವು 27ರ ಒಳಗಿನ ವಿದ್ಯಾರ್ಥಿಯಾದರೆ ಫ್ರೈಬುರ್ಗ್ ಇರುವ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಇದೇ ಟಿಕೆಟ್ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಕೇಳಿ. ದೇಶದ ಎಲ್ಲಾ ಊರುಗಳ ಬಸ್ಸು, ಟ್ರಾಮ್, ಲೋಕಲ್ ರೈಲಿಗೆ ನಡೆಯುತ್ತದೆ. ಐಸಿಇ, ಐಸಿ ಎಂಬ ದೂರದ ವೇಗದ ರೈಲು ಹತ್ತಬೇಡಿ, ದಂಡ ಬೀಳುತ್ತದೆ. ಜರ್ಮನ್ ರೈಲ್ವೆಯ ಡಿಬಿ ನಾವಿಗೇಟರ್ ಆ್ಯಪ್‌ನಲ್ಲಿ ಲೋಕಲ್ ರೈಲು ಮಾತ್ರ ತೋರಿಸುವ ಆಯ್ಕೆ ಇದೆ, ಹಾಕಿಟ್ಟುಕೊಳ್ಳಿ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಹಳಿ ರಿಪೇರಿ ಅಂತ ರೈಲು ನಿಲ್ಲಿಸಿ ಬದಲಿ ಬಸ್ಸು ಬಿಡುವುದು ವಾರಾಂತ್ಯದಲ್ಲಿ ಮಾಮೂಲು.

ಮೊದಲ ಪ್ರಯಾಣ ಹೊಲೆಂಟಾಲ್ ಕಣಿವೆಯ ರೈಲಿನಲ್ಲಿ ಆಗಲಿ. 1887ರ ದಾರಿ ಅದು. ಏರು ಎಷ್ಟು ಕಡಿದು ಅಂದರೆ, ಶುರುವಿನಲ್ಲಿ ಅಲ್ಲಿ ರೈಲು ಜಾರದಂತೆ ಎಂಜಿನ್ನಿನ ಚಕ್ರ ಕಚ್ಚಿಕೊಳ್ಳುವ ಹಲ್ಲುಗಳಿದ್ದ ಹಳಿ ಹಾಕಿದ್ದರು. ಎಲ್ಲರೂ ಟಿಟಿಸೇ ಸರೋವರಕ್ಕೆ ಹೋಗಿ ಗಡಿಯಾರದ ಅಂಗಡಿ ನೋಡಿ ಬರುತ್ತಾರೆ. ನೀವು ಅದಕ್ಕಿಂತ ಮುಂಚೆ, ಹಿಂಟರ್‌ಝಾರ್ಟನ್‌ನಲ್ಲಿ ಇಳಿಯಿರಿ. ಅಲ್ಲಿಂದ ಲೊಫೆಲ್‌ಟಾಲ್ ಎಂಬ ಪುಟ್ಟ ಕಣಿವೆಯಲ್ಲಿ ಹಳ್ಳದ ಪಕ್ಕವೇ ಕಾಲುದಾರಿ ಇಳಿಯುತ್ತದೆ. ನೀರಿನಿಂದ ಓಡುತ್ತಿದ್ದ ಹಳೇ ಗಿರಣಿಗಳು ಸಿಗುತ್ತವೆ. ಕೆಳಗೆ ರಾವೆನ್ನಾ ಸೇತುವೆ, 1927ರದ್ದು, ಒಂಬತ್ತು ಕಮಾನು. ರೈಲಿನ ಒಳಗೆ ಕೂತವರಿಗೆ ಅದರ ಎತ್ತರ ಗೊತ್ತೇ ಆಗಲ್ಲ, ಬುಡದಲ್ಲಿ ನಿಂತೇ ನೋಡಬೇಕು. ಡಿಸೆಂಬರ್ ಹತ್ತಿರ ವಾರಾಂತ್ಯದಲ್ಲಿ ಕಮಾನುಗಳ ಕೆಳಗೆ ಕ್ರಿಸ್ಮಸ್ ಸಂತೆ ಕಟ್ಟುತ್ತಾರೆ. ಅದಕ್ಕೆ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಬೇಕು, ಸುಮ್ನೆ ಹೋದರೆ ಒಳಗೆ ಬಿಡಲ್ಲ.

ಇನ್ನು ನವೆಂಬರ್. ಇದನ್ನು ಯಾರೂ ಮುಂಚೆ ಹೇಳಲ್ಲ. ಫ್ರೈಬುರ್ಗ್ ಇರುವ ರೈನ್ ನದಿಯ ಬಯಲಿನಲ್ಲಿ ತಣ್ಣನೆಯ ಗಾಳಿ ಕೆಳಗೇ ಕೂತುಬಿಡುತ್ತದೆ, ಮೇಲೆ ಬೆಚ್ಚಗಿನ ಗಾಳಿ ಇರುವುದರಿಂದ ಮಂಜು ಚದುರುವುದೇ ಇಲ್ಲ. ದಿನಗಟ್ಟಲೆ ಬಿಸಿಲಿಲ್ಲ. ಸಂಜೆ ಐದರ ಹೊತ್ತಿಗೇ ಕತ್ತಲಾಗತೊಡಗುತ್ತದೆ. ನಮ್ಮ ಕಡೆಯ ಹುಡುಗರು ರೂಮಿನಿಂದ ಹೊರಗೇ ಬರದೆ ಮಂಕಾಗುವುದು ಆಗಲೇ. ಅಂಥ ಬೆಳಿಗ್ಗೆ ಶೌಇನ್ಸ್‌ಲಾಂಡ್ ಬೆಟ್ಟದ ವೆಬ್‌ಕ್ಯಾಮ್ ತೆರೆದು ನೋಡಿ. ಎಷ್ಟೋ ಸಲ 1,284 ಮೀಟರ್ ಎತ್ತರದ ಆ ತುದಿಯಲ್ಲಿ ಚುರುಕು ಬಿಸಿಲು ಇರುತ್ತದೆ! 2ನೇ ನಂಬರ್ ಟ್ರಾಮ್‌ನಲ್ಲಿ ಗುಂಟರ್ಸ್‌ಟಾಲ್ ತನಕ ಹೋಗಿ, 21ನೇ ನಂಬರ್ ಬಸ್ ಹಿಡಿದರೆ ಕೇಬಲ್ ಕಾರ್ ನಿಲ್ದಾಣ. 1930ರಿಂದ ಇದೆ. ಅದಕ್ಕೆ ಮಾತ್ರ ಬೇರೆ ಟಿಕೆಟ್. ಡಬ್ಬಿ ಬಿಳಿ ಮಂಜಿನೊಳಗೆ ಏರುತ್ತದೆ, ಕಿಟಕಿಯಾಚೆ ಮರವೂ ಕಾಣಲ್ಲ. ಆಮೇಲೆ ಬೆಳಕು ಹಳದಿಯಾಗುತ್ತದೆ, ತಲೆಯ ಮೇಲೆ ನೀಲಿ ಆಕಾಶ. ಮುಳ್ಳಯ್ಯನಗಿರಿಯಲ್ಲಿ ಮೋಡ ಕಾಲ ಕೆಳಗಿರುತ್ತದಲ್ಲ, ಹಾಗೆ. ದಕ್ಷಿಣಕ್ಕೆ ಆಲ್ಪ್ಸ್ ಸಾಲು ಪೂರ್ತಿ ಕಾಣುತ್ತದೆ. ಓದಿನ ಒತ್ತಡ ಎಷ್ಟೇ ಇರಲಿ, ಅವತ್ತು ಅರ್ಧ ದಿನವಾದರೂ ಹೋಗಿ ಬನ್ನಿ.

ಗಡಿಯಾಚೆ ಹೋಗುವುದೂ ಸುಲಭವೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಬಾಡಿಶರ್ ಬಾನ್‌ಹೋಫ್ ಎಂಬ ರೈಲು ನಿಲ್ದಾಣದ ತನಕ ನಿಮ್ಮ ಟಿಕೆಟ್ ನಡೆಯುತ್ತದೆ. ಅಲ್ಲಿ ರೈನ್ ದಾಟಿಸುವ ದೋಣಿಗಳಿಗೆ ಎಂಜಿನ್ ಇಲ್ಲ. ಮೇಲೆ ಕಟ್ಟಿದ ತಂತಿ ಹಿಡಿದು ಹೊಳೆಯ ಸೆಳೆತದಲ್ಲೇ ಆಚೆ ದಡ ಸೇರುತ್ತವೆ. ಊಟ ಮಾತ್ರ ತೀರಾ ದುಬಾರಿ, ಪುಳಿಯೋಗರೆ ಕಟ್ಟಿಕೊಂಡೇ ಹೋಗಿ. ಕೆಲವು ಜರ್ಮನ್ ಸಿಮ್‌ಗಳ ಪ್ಲಾನಿನಲ್ಲಿ ಸ್ವಿಟ್ಜರ್ಲೆಂಡ್ ಸೇರಿರುವುದಿಲ್ಲ, ನೋಡಿಕೊಳ್ಳಿ. ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ಗೆ ಹೋಗಲು ಗಡಿಯ ಈಚೆಗಿನ ಜರ್ಮನ್ ಊರು ಕೇಲ್ ತನಕ ರೈಲು, ಅಲ್ಲಿಂದ ಬೇರೆ ಟಿಕೆಟ್ ತೆಗೆದು ಡಿ ಟ್ರಾಮ್. ಸ್ಟ್ರಾಸ್‌ಬುರ್ಗ್‌ನ ಕ್ಯಾಥೆಡ್ರಲ್ 142 ಮೀಟರ್ ಎತ್ತರ. ಇನ್ನೂರಕ್ಕೂ ಹೆಚ್ಚು ವರ್ಷ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು.

ಗಡಿ ದಾಟುವಾಗ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಅಸಲಿಯೇ ಕೈಯಲ್ಲಿರಲಿ, ಮೊಬೈಲ್ ಫೋಟೋ ಸಾಲದು. ವೀಸಾ ಮುಗಿದು ಕಾರ್ಡ್ ಇನ್ನೂ ಬಂದಿಲ್ಲದ ದಿನಗಳಲ್ಲಿ ವಿದೇಶಿಯರ ಕಚೇರಿಯಲ್ಲಿ ಕೇಳದೆ ಗಡಿ ದಾಟಲೇಬೇಡಿ. ಬಾಸೆಲ್‌ಗೆ ಅರ್ಧ ದಿನದಲ್ಲಿ ಹೋಗಿ ಬರಬಹುದಾದರೂ ಅದು ಬೇರೆ ದೇಶ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹಾಗಾಗಿ ಶನಿವಾರ ದಿನಸಿ, ಬಟ್ಟೆ ಒಗೆಯುವುದು, ಅಸೈನ್‌ಮೆಂಟ್ ಮುಗಿಸಿ ಭಾನುವಾರ ತಿರುಗಿ. ಆದರೆ ಹಳ್ಳಿ ಬಸ್ಸು ಅವತ್ತು ತೀರಾ ಕಡಿಮೆ, ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತು ನೋಡಿಯೇ ನಡೆಯಲು ಶುರು ಮಾಡಿ.

ರೂಮು ಯಾವ ಬಡಾವಣೆಯಲ್ಲಿ ಸಿಕ್ಕಿತು ಅಂತ ಇಲ್ಲೇ ಬರೆಯಿರಿ. ಅಲ್ಲಿಂದ ನಡೆದೇ ಹತ್ತಬಹುದಾದ ಬೆಟ್ಟದ ದಾರಿ ಹೇಳುತ್ತೇನೆ.