ಮಂದೆಗೆ ಚರ್ಮಗಂಟು ರೋಗ ಬರುವ ದಾರಿ ಯಾವುದು?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು. ಅಮೃತಮಹಲ್ ಮತ್ತು ನಾಟಿ ತಳಿ ಸೇರಿ ಸುಮಾರು 40 ದನಗಳ ಮಂದೆ ಇದೆ. ಹಾಲಿಗಾಗಿ ಅಲ್ಲ, ಗೊಬ್ಬರಕ್ಕೆ ಮತ್ತು ಹೋರಿಗರುಗಳ ಮಾರಾಟಕ್ಕೆ ಸಾಕಿದ್ದೇವೆ. ಹಗಲು ಗೋಮಾಳದಲ್ಲಿ ಮೇಯುತ್ತವೆ, ರಾತ್ರಿ ರೊಪ್ಪದಲ್ಲಿರುತ್ತವೆ. ಕಳೆದ ಮಳೆಗಾಲದಲ್ಲಿ ಪಕ್ಕದ ಊರಿನ ಮಂದೆಗೆ ಚರ್ಮಗಂಟು ರೋಗ ಬಂದು ಎರಡು ಕರುಗಳು ಸತ್ತವು. ಎರಡೂ ಮಂದೆಗಳು ಒಂದೇ ಗೋಕಟ್ಟೆಯ ನೀರು ಕುಡಿದರೂ ನಮ್ಮಲ್ಲಿ ಒಂದಕ್ಕೂ ಬರಲಿಲ್ಲ. ನೊಣ, ಸೊಳ್ಳೆಯಿಂದ ಹರಡುವ ರೋಗವಾದರೆ ಒಂದು ಮಂದೆಗೆ ಬಂದು ಇನ್ನೊಂದನ್ನು ಬಿಟ್ಟಿದ್ದು ಹೇಗೆ? ಈ ವರ್ಷ ರೊಪ್ಪಕ್ಕೆ ಔಷಧಿ ಸಿಂಪಡಿಸಿದರೆ ಸಾಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಿಂಪಡಣೆಯೊಂದೇ ಸಾಲದು, ಮಾಡಬೇಕಾದ ಕೆಲಸಗಳಲ್ಲಿ ಅದು ಮೊದಲನೆಯದೂ ಅಲ್ಲ. ಕಾರಣ ತಿಳಿಯಬೇಕಾದರೆ ಕೀಟ ಈ ರೋಗವನ್ನು ಹೇಗೆ ದಾಟಿಸುತ್ತದೆ ಎಂಬುದನ್ನು ನೋಡಬೇಕು. ಮಲೇರಿಯಾ ರೋಗಾಣು ಸೊಳ್ಳೆಯೊಳಗೆ ಬೆಳೆಯುವಂತೆ ಚರ್ಮಗಂಟು ರೋಗದ ವೈರಸ್ ನೊಣದ ದೇಹದಲ್ಲಿ ಬೆಳೆಯಬೇಕಾಗಿಲ್ಲ. ಕಚ್ಚುವ ನೊಣ ಗಂಟೆದ್ದ ಚರ್ಮದ ಮೇಲೆ ಕುಳಿತು ರಕ್ತ ಹೀರತೊಡಗಿದಾಗ ದನ ಬಾಲ ಬೀಸಿ ಓಡಿಸುತ್ತದೆ. ಅರೆಹೊಟ್ಟೆಯಲ್ಲಿ ಎದ್ದ ಆ ನೊಣ ಪಕ್ಕದ ದನದ ಮೇಲೆ ಕುಳಿತು ಊಟ ಮುಗಿಸುತ್ತದೆ. ತೊಳೆಯದ ಇಂಜೆಕ್ಷನ್ ಸೂಜಿಯೊಂದು ಮಾಡುವ ಕೆಲಸವನ್ನೇ ಅದರ ಬಾಯಿಯೂ ಮಾಡುತ್ತದೆ. ಹೀಗಾಗಿ ರೋಗ ದಾಟಲು ಗಂಟೆದ್ದ ದನ, ರೋಗನಿರೋಧಕ ಶಕ್ತಿಯಿಲ್ಲದ ದನ ಮತ್ತು ಹಸಿದ ನೊಣ, ಈ ಮೂರೂ ಒಂದೇ ಹೊತ್ತಿಗೆ ಹತ್ತಿರ ಹತ್ತಿರ ಇರಬೇಕು. ನಿಮ್ಮ ಮಂದೆ ಬೆಳಿಗ್ಗೆ, ಅವರದು ಮಧ್ಯಾಹ್ನ ನೀರಿಗೆ ಬರುತ್ತಿದ್ದರೆ ಗೋಕಟ್ಟೆ ಒಂದೇ ಆಗಿದ್ದರೂ ನೊಣಕ್ಕೆ ಆ ಅವಕಾಶ ಕಡಿಮೆ.

ನೊಣ ರೋಗವನ್ನು ಒಂದು ಮಂದೆಯೊಳಗೆ ಅಥವಾ ಅಕ್ಕಪಕ್ಕದ ಊರುಗಳ ನಡುವೆ ಹರಡುತ್ತದೆ. ಜಿಲ್ಲೆಯಿಂದ ಜಿಲ್ಲೆಗೆ ಒಯ್ಯುವುದು ಲಾರಿ. ಭಾರತದಲ್ಲಿ ಈ ರೋಗ ಮೊದಲು ವರದಿಯಾಗಿದ್ದು 2019ರಲ್ಲಿ, ಒಡಿಶಾದಲ್ಲಿ. 2022ರ ಹೊತ್ತಿಗೆ ಅದು ಗುಜರಾತ್, ರಾಜಸ್ಥಾನಗಳನ್ನು ತತ್ತರಿಸುವಂತೆ ಮಾಡಿ ಕರ್ನಾಟಕದಲ್ಲೂ ವ್ಯಾಪಕವಾಗಿತ್ತು. ಅಷ್ಟು ದೂರವನ್ನು ಯಾವ ನೊಣವೂ ಹಾರಿ ಬಂದಿಲ್ಲ. (ಅಪವಾದವೊಂದಿದೆ: 1989ರಲ್ಲಿ ಇಸ್ರೇಲಿನ ಒಂದು ಹಳ್ಳಿಗೆ ಈಜಿಪ್ಟಿನ ಕಡೆಯಿಂದ ಗಾಳಿಯಲ್ಲಿ ತೇಲಿ ಬಂದ ನೊಣಗಳೇ ರೋಗ ತಂದಿರಬೇಕೆಂದು ಅಲ್ಲಿನ ತಜ್ಞರು ಊಹಿಸಿದ್ದರು.) ಪಕ್ಕದ ಊರಿನವರು ರೋಗ ಕಾಣಿಸುವುದಕ್ಕೆ ಒಂದು ತಿಂಗಳ ಮೊದಲು ಸಂತೆಯಿಂದ ಹೊಸ ದನವನ್ನೋ ಬೀಜದ ಹೋರಿಯನ್ನೋ ತಂದಿದ್ದರೇ ಎಂದು ವಿಚಾರಿಸಿ. ಸೋಂಕು ತಗುಲಿ ಗಂಟೇಳಲು ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಹಿಡಿಯುವುದರಿಂದ ಸಂತೆಯಲ್ಲಿ ಹಲ್ಲು ಹಿಡಿದು, ಸುಳಿ ನೋಡಿ ಆರಿಸಿದ ದನದಲ್ಲಿ ಅದರ ಸುಳಿವೇ ಇರುವುದಿಲ್ಲ. ಹೋರಿಯ ವೀರ್ಯದಲ್ಲೂ ವೈರಸ್ ವಾರಗಟ್ಟಲೆ ಉಳಿಯಬಲ್ಲದು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯಂಥ ದನಗಳ ಜಾತ್ರೆಗಳು ಮಳೆಗಾಲದ ರೋಗ ಇನ್ನೂ ಪೂರ್ತಿ ಆರದಿರುವಾಗಲೇ, ಡಿಸೆಂಬರಿನಿಂದ ಮಾರ್ಚ್‌ವರೆಗೆ ನಡೆಯುತ್ತವೆ. ಜಾತ್ರೆಗೆ ಹೋಗಬೇಡಿ ಎಂದು ನಾನು ಹೇಳಲಾರೆ. ತಂದ ದನವನ್ನು 28 ದಿನ ಮಂದೆಯಿಂದ ದೂರ, ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ ಎಂದಷ್ಟೇ ಹೇಳುತ್ತೇನೆ. ಇಷ್ಟೊಂದು ಜನರು ಬಿಟ್ಟುಬಿಡುವ ಕ್ರಮ ಇನ್ನೊಂದಿಲ್ಲ.

ಎರಡನೆಯ ಅಂಶ, ಮಂದೆಯಲ್ಲಿ ಎಷ್ಟು ದನಗಳಿಗೆ ಲಸಿಕೆಯ ರಕ್ಷಣೆ ಇದೆ ಎಂಬುದು. ಬಾಲ್ಕನ್ ದೇಶಗಳಲ್ಲಿ 2016ರಲ್ಲಿ 7,483 ಕಡೆ ಕಾಣಿಸಿದ್ದ ರೋಗ, ದನಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿದ ಮೇಲೆ 2017ರಲ್ಲಿ 385 ಕಡೆಗೆ ಇಳಿಯಿತು. ಅಲ್ಲಿ ನೊಣಗಳೇನೂ ನಿರ್ನಾಮವಾಗಿರಲಿಲ್ಲ. ನಮ್ಮಲ್ಲಿ ಲಸಿಕೆಯ ದಿನ ಕರೆಯುವ ಹಸುಗಳನ್ನು ಮಾತ್ರ ಹಿಡಿದು ತಂದು, ಗೊಡ್ಡು ದನ, ಕಡಸು, ಮೈಗೆ ಕೈ ಹಾಕಲು ಬಿಡದ ಹೋರಿಗಳನ್ನು ಹಾಗೆಯೇ ಮೇಯಲು ಬಿಡುವ ರೂಢಿ ಇದೆ. ನಾಟಿ ದನಕ್ಕೆ ಈ ರೋಗ ಬರುವುದಿಲ್ಲ ಎಂಬ ನಂಬಿಕೆಯೂ ಇದಕ್ಕೆ ಜೊತೆಯಾಗುತ್ತದೆ. ಗುಜರಾತ್, ರಾಜಸ್ಥಾನಗಳಲ್ಲಿ ಸತ್ತ ದನಗಳಲ್ಲಿ ದೇಶೀ ತಳಿಯವೂ ಬಹಳ ಇದ್ದವು ಎಂಬುದನ್ನು ನೆನಪಿಡಿ.

ಮೇಯುವ ಮಂದೆಗೆ ಇರುವ ಅತಿದೊಡ್ಡ ಅಪಾಯ, ರೋಗ ತಡವಾಗಿ ಕಣ್ಣಿಗೆ ಬೀಳುವುದು. ಕರೆಯುವ ಹಸುವಿನ ಮೈಯನ್ನು ಒಬ್ಬರು ದಿನಕ್ಕೆ ಎರಡು ಸಲ ಮುಟ್ಟುತ್ತಾರೆ, ಜ್ವರ ಬಂದರೆ ಆ ಹೊತ್ತೇ ಹಾಲು ಇಳಿದು ಗೊತ್ತಾಗುತ್ತದೆ. ನಿಮ್ಮ 40 ದನಗಳನ್ನು ಹಾಗೆ ಮುಟ್ಟುವವರಿಲ್ಲ. ಸೋಂಕಿದ್ದೂ ಗಂಟೇಳದ ದನವನ್ನು ಕಚ್ಚಿದ ಕೀಟಕ್ಕಿಂತ, ಗಂಟೆದ್ದ ದನವನ್ನು ಕಚ್ಚಿದ ಕೀಟಕ್ಕೆ ವೈರಸ್ ಅಂಟುವ ಸಾಧ್ಯತೆ ಹತ್ತಾರು ಪಟ್ಟು ಹೆಚ್ಚೆಂದು ಇಂಗ್ಲೆಂಡಿನ ಪಿರ್‌ಬ್ರೈಟ್ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಮೊದಲ ಗಂಟು ಕಂಡ ದಿನವೇ ಆ ದನವನ್ನು ಬೇರ್ಪಡಿಸಿದರೆ ಮಂದೆಯೊಳಗಿನ ಹರಡುವಿಕೆಯನ್ನು ಬಹುಮಟ್ಟಿಗೆ ತಡೆಯಬಹುದು; ವಾರ ಬಿಟ್ಟು ನೋಡಿದರೆ ಬೇರ್ಪಡಿಸಲು ಉಳಿದಿರುವುದು ಕಡಿಮೆ. ಸಂಜೆ ದನಗಳು ರೊಪ್ಪದ ಬಾಗಿಲಲ್ಲಿ ಒಂದೊಂದಾಗಿ ಒಳಗೆ ಹೋಗುವಾಗ ಓರೆ ಬಿಸಿಲಿನಲ್ಲಿ ಕತ್ತು, ಭುಜ, ಬೆನ್ನಿನ ಕೂದಲನ್ನು ಗಮನಿಸಿ. ಗಂಟು ಇನ್ನೂ ಸಣ್ಣದಿರುವಾಗ ಅದರ ಮೇಲಿನ ಕೂದಲು ಕುಚ್ಚು ಕುಚ್ಚಾಗಿ ನಿಗುರಿ ನಿಂತಿರುತ್ತದೆ. ಕಣ್ಣಿನಿಂದ ನೀರು, ಬಾಯಿಂದ ಜೊಲ್ಲು, ಮುಂಗಾಲು ಮತ್ತು ಎದೆಯ ಕೆಳಗೆ ಬಾವು, ಭುಜದ ಮುಂದೆ ಅಂಗೈಗೆ ಸಿಗುವಷ್ಟು ಊದಿದ ಗ್ರಂಥಿ, ಇವುಗಳಲ್ಲಿ ಯಾವುದು ಕಂಡರೂ ಆ ದನ ಮರುದಿನ ಮೇಯಲು ಹೋಗಬಾರದು. ಈ ನೋಟದ ಕೆಲಸವನ್ನು ಮಂದೆ ಕಾಯುವವರಿಗೇ ಒಪ್ಪಿಸಿ. ಅವರ ಕಣ್ಣು ಮಾಲೀಕರ ಕಣ್ಣಿಗಿಂತ ಚುರುಕಾಗಿರುತ್ತದೆ.

ಇನ್ನು ನೊಣಗಳ ವಿಷಯ. 2012–13ರಲ್ಲಿ ಇಸ್ರೇಲಿನಲ್ಲಿ ಈ ರೋಗ ಬಂದ ನಂತರ ನಡೆದ ಅಧ್ಯಯನದಲ್ಲಿ, ಕೊಟ್ಟಿಗೆಯ ಹಾಲಿನ ಹಸುಗಳಲ್ಲಿ ರೋಗ ಏರಿದ ಕಾಲವು ಅಲ್ಲಿನ ಕೊಟ್ಟಿಗೆ ನೊಣ ಹೆಚ್ಚಿದ ಕಾಲದೊಡನೆ ಹೊಂದಿಕೊಂಡಿತು. ಆದರೆ ಪಕ್ಕದಲ್ಲೇ ಮೇಯುತ್ತಿದ್ದ ಮಾಂಸದ ದನಗಳ ಮಂದೆಗಳಲ್ಲಿ ರೋಗವಿದ್ದ ತಿಂಗಳುಗಳಲ್ಲಿ ಆ ನೊಣ ವಿರಳವಾಗಿತ್ತು. ಅಲ್ಲಿ ದನದ ಬೆನ್ನು, ಹೊಟ್ಟೆಯ ಮೇಲೆ ಗುಂಪಾಗಿ ಕೂರುವ ಬೇರೊಂದು ಸಣ್ಣ ನೊಣದ ಮೇಲೆ ಸಂಶಯ ಹೋಯಿತು. ನಿಮಗೆ ಇದು ಮುಖ್ಯ. ಮೊದಲನೆಯ ನೊಣ ಕಾಲುಗಳನ್ನು ಕಚ್ಚುತ್ತದೆ. ದನಗಳು ನಿಂತಲ್ಲೇ ಕಾಲು ಅಪ್ಪಳಿಸುತ್ತಿದ್ದರೆ ಅದು ಇದೆ ಎಂದರ್ಥ. ಅದು ಮೊಟ್ಟೆಯಿಡುವುದು ಗಂಜಲ, ಸಗಣಿ ಬೆರೆತು ಕೊಳೆಯುವ ಹುಲ್ಲಿನಲ್ಲಿ, ಅಂದರೆ ಗೋದಲಿಯ ಬುಡದ ಉಳಿಕೆ ಮೇವು, ಬಣವೆಯ ನೆನೆದ ಅಡಿಭಾಗ ಮತ್ತು ರೊಪ್ಪದ ಬೇಲಿಗೆ ತಾಗಿದ ತಿಪ್ಪೆಯಲ್ಲಿ. ಬೆಚ್ಚಗಿನ ಕಾಲದಲ್ಲಿ ಮೊಟ್ಟೆ ನೊಣವಾಗಲು ಎರಡು ಮೂರು ವಾರ ಸಾಕಾಗುವುದರಿಂದ ಈ ಕಸವನ್ನು ವಾರಕ್ಕೊಮ್ಮೆ ಎಳೆದು ತೆಳುವಾಗಿ ಹರಡಿ ಒಣಗಿಸಿದರೆ ಸಂತತಿ ಮುಂದುವರಿಯದು. ಎರಡನೆಯ ನೊಣ ಮೊಟ್ಟೆಯಿಡುವುದು ಗೋಮಾಳದಲ್ಲಿ ಆಗಷ್ಟೇ ಬಿದ್ದ ಸಗಣಿಯಲ್ಲಾದ್ದರಿಂದ ರೊಪ್ಪವನ್ನು ಎಷ್ಟು ಚೊಕ್ಕಟವಾಗಿಟ್ಟರೂ, ಎಷ್ಟು ಸಿಂಪಡಿಸಿದರೂ ಅದು ಕಡಿಮೆಯಾಗದು. ಅದಕ್ಕೆ ದನದ ಮೈಗೆ ಹಚ್ಚುವ ಕೀಟನಿವಾರಕವೇ ಬೇಕು. ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರು ಬರೆದುಕೊಡಲಿ. ಹೊಲಕ್ಕೆ ತಂದು ಉಳಿದ ಕೀಟನಾಶಕವನ್ನು ದನಕ್ಕೆ ಬಳಸಬೇಡಿ. ಅಂಥದ್ದರಿಂದ ವಿಷವೇರಿದ ದನಕ್ಕೆ ಚರ್ಮಗಂಟು ರೋಗಕ್ಕಿಂತ ಬೇಗ ಸಾವು ಬರುತ್ತದೆ.

ಪ್ರಶ್ನೆ: ಊರಿನಲ್ಲಿ ರೋಗ ಕಾಣಿಸಿದ ಮೇಲೆ ನಮ್ಮ ಎಲ್ಲ ದನಗಳಿಗೂ ಲಸಿಕೆ ಹಾಕಿಸಿದೆವು. ಹತ್ತು ದಿನಕ್ಕೆ ಮೂರು ದನಗಳಿಗೆ ಗಂಟು ಬಂತು. ಲಸಿಕೆಯೇ ರೋಗ ತಂದಿತೇ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ನಮ್ಮಲ್ಲಿ ಹೆಚ್ಚಾಗಿ ಹಾಕುವುದು ಮೇಕೆ ಸಿಡುಬಿನ ಲಸಿಕೆ. ಅದರಲ್ಲಿರುವುದು ಚರ್ಮಗಂಟು ರೋಗದ ವೈರಸ್ ಅಲ್ಲ, ಅದರ ಹತ್ತಿರದ ಸಂಬಂಧಿ. ಚುಚ್ಚಿದ ಜಾಗದಲ್ಲಿ ಬಾವು ಬರಬಹುದೇ ಹೊರತು ಚರ್ಮಗಂಟು ರೋಗ ಬರದು. ಹೆಚ್ಚಾಗಿ ನಡೆದಿರುವುದು ಇಷ್ಟು: ಲಸಿಕೆ ಹಾಕುವ ಹೊತ್ತಿಗೇ ಆ ಮೂರಕ್ಕೆ ಸೋಂಕು ತಗುಲಿತ್ತು, ಲಸಿಕೆಯ ಶಕ್ತಿ ಪೂರ್ತಿ ಕೂಡಲು ಮೂರು ವಾರ ಬೇಕಿತ್ತು. ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಸಾಲಾಗಿ ನಿಂತ ದನಗಳಿಗೆಲ್ಲ ಒಂದೇ ಸೂಜಿ ಬಳಸಿದ್ದರೆ, ಜ್ವರದ ಹಂತದಲ್ಲಿದ್ದ ದನದಿಂದ ಮುಂದಿನದಕ್ಕೆ ವೈರಸ್ ದಾಟಿರಬಹುದು. ರೋಗ ಬಂದಿರುವ ಊರಿನಲ್ಲಿ ದನಕ್ಕೊಂದು ಸೂಜಿ ಕೇಳಿ, ಕೊಡದಿದ್ದರೆ ನೀವೇ ಕೊಂಡು ಕೊಡಿ. ಮುಂದಿನ ವರ್ಷದಿಂದ ಏಪ್ರಿಲ್–ಮೇ ತಿಂಗಳಲ್ಲೇ, ಮಳೆ ಹಿಡಿದು ನೊಣ ಏಳುವ ಮೊದಲು ಹಾಕಿಸಿ. ಲಸಿಕೆ ಹಾಕಿದ ತಾಯಿಯ ಕರುಗಳಿಗೆ ನಾಲ್ಕರಿಂದ ಆರು ತಿಂಗಳು ತುಂಬಿದ ಮೇಲೆ ಹಾಕಿಸಬಹುದು. ಗಂಟೆದ್ದ ದನಗಳ ಚಿಕಿತ್ಸೆಗೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಗಂಟು ಒಡೆದು ಉದುರುವ ಒಣ ಚಕ್ಕೆಯಲ್ಲಿ ವೈರಸ್ ತಿಂಗಳಿಗೂ ಮೇಲ್ಪಟ್ಟು ಜೀವಂತವಾಗಿರುವುದರಿಂದ ಅವುಗಳನ್ನು ಕಟ್ಟಿದ್ದ ಜಾಗದ ಕಸವನ್ನು ಸುಟ್ಟುಬಿಡಿ, ತಿಪ್ಪೆಗೆ ಹಾಕಬೇಡಿ.

ಪ್ರಶ್ನೆ: ಬಯಲಿನಲ್ಲಿ ಮೇಯುವ ನಾಟಿ ಮಂದೆಗೆ ಹೊರಗಿನಿಂದ ಎರಡು ಮಿಶ್ರತಳಿ ಕಡಸುಗಳನ್ನು ಸೇರಿಸಬೇಕೆಂದಿದ್ದೇನೆ. ನಮ್ಮ ದನಗಳಿಗೆ ಉಣ್ಣೆ ಇದ್ದರೂ ಏನೂ ಆಗಿಲ್ಲ. ಅಪಾಯವಿದೆಯೇ? (ತುಮಕೂರು ಜಿಲ್ಲೆಯ ಓದುಗರು)

ಉತ್ತರ: ಇದೆ, ಆದರೆ ಇಲ್ಲಿ ಅಪಾಯದ ದಿಕ್ಕು ಬೇರೆ. ಉಣ್ಣೆ ಕಚ್ಚುವುದರಿಂದ ಬರುವ ಥೈಲೇರಿಯಾ, ಬೆಬಿಸಿಯಾ ಎಂಬ ರೋಗಗಳಲ್ಲಿ ರೋಗಾಣು ನಿಮ್ಮ ಮಂದೆಯಲ್ಲೇ ಇರಬಹುದು. ನಾಟಿ ದನಗಳು ಕರುವಾಗಿದ್ದಾಗಲೇ ಸೋಂಕು ತಗುಲಿ ತಡೆದುಕೊಂಡಿರುವುದರಿಂದ ನಿಮಗೆ ಅದು ಕಂಡಿಲ್ಲ. ಉಣ್ಣೆಯಿಲ್ಲದ ಕೊಟ್ಟಿಗೆಯಲ್ಲಿ ಬೆಳೆದ ಮಿಶ್ರತಳಿ ಕಡಸಿಗೆ ಆ ಶಕ್ತಿ ಇರದು. ಥೈಲೇರಿಯಾಕ್ಕೆ ಲಸಿಕೆ ಇದೆ, ತರುವ ಮೊದಲೇ ಹಾಕಿಸಿ. ಥೈಲೇರಿಯಾ ಹರಡುವ ಉಣ್ಣೆಯು ಗೋಡೆಯ ಬಿರುಕು, ಕಲ್ಲುಸಂದಿಗಳಲ್ಲಿ ಅಡಗಿ ಮೊಟ್ಟೆಯಿಡುವುದರಿಂದ ಮೈ ಉಜ್ಜಿ ಉಣ್ಣೆ ಕಿತ್ತರಷ್ಟೇ ಸಾಲದು, ಬಿರುಕುಗಳನ್ನು ಗಾರೆಯಿಂದ ಮುಚ್ಚಬೇಕು. ತಂದ ಮೊದಲ ಎರಡು ತಿಂಗಳು ಕಡಸುಗಳ ಮೂತ್ರವನ್ನು ಗಮನಿಸಿ. ಅದು ಕಾಫಿ ಬಣ್ಣಕ್ಕೆ ತಿರುಗಿದರೆ, ಅಥವಾ ಜ್ವರದೊಡನೆ ಭುಜದ ಮುಂದಿನ ಗ್ರಂಥಿ ಊದಿದರೆ, ಅಂದೇ ರಕ್ತದ ಮಾದರಿಯನ್ನು ಪರೀಕ್ಷೆಗೆ ಕೊಡಿ; ಮೊದಲ ಎರಡು ಮೂರು ದಿನಗಳಲ್ಲಿ ಶುರು ಮಾಡಿದ ಔಷಧಿ ಸಾಮಾನ್ಯವಾಗಿ ಫಲ ಕೊಡುತ್ತದೆ.