ವೂಂಡ್ ಸರ್ಟಿಫಿಕೇಟ್ ಪೊಲೀಸರಿಗಷ್ಟೇ ಅಲ್ಲ

ಪತ್ರದ ಸಾರ: ತಂಗಿಗೆ ಗಂಡ ದೊಣ್ಣೆಯಿಂದ ಹೊಡೆದು ಎಡ ಮುಂಗೈ ಮುರಿದಿದೆ. ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದವರು ಅತ್ತೆ. ಓಪಿಡಿ ಚೀಟಿಯಲ್ಲಿ ‘ಜಾರಿ ಬಿದ್ದು’ ಎಂದಿದೆ. ಆಮೇಲೆ ಸ್ಟೇಷನ್‌ಗೆ ಹೋದರೆ ಎನ್‌ಸಿ (ಎಫ್ಐಆರ್ ಇಲ್ಲದೆ ದೂರನ್ನು ಬರೆದಿಡುವುದು) ಮಾಡಿಕೊಂಡು ರಾಜಿಯಾಗಿ ಎಂದರು. ವೂಂಡ್ ಸರ್ಟಿಫಿಕೇಟ್ (ಗಾಯ ಎಂಥದ್ದೆಂದು ವೈದ್ಯರು ಬರೆದುಕೊಡುವ ಪತ್ರ) ಕೇಳಿದರೆ ಆಸ್ಪತ್ರೆಯವರು ‘ಅದು ಪೊಲೀಸರಿಗೆ ಮಾತ್ರ’ ಅನ್ನುತ್ತಾರೆ, ಪೊಲೀಸರು ‘ಕೋರ್ಟಲ್ಲಿ ತಗೊಳ್ಳಿ’ ಅನ್ನುತ್ತಾರೆ. ನಮಗೆ ಹಕ್ಕಿಲ್ಲವೇ?

ಸಂಪಾದಕರ ಉತ್ತರ: ಹಕ್ಕಿದೆ. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಗೆ 2006ರಲ್ಲಿ ನಿಯಮಗಳು ಬಂದವು. ಅದರ 17ನೇ ನಿಯಮ, ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿಯನ್ನು ಆಸ್ಪತ್ರೆ ನೊಂದ ಹೆಣ್ಣುಮಗಳಿಗೆ ಪುಕ್ಕಟೆಯಾಗಿ ಕೊಡಬೇಕು ಎನ್ನುತ್ತದೆ. ಅದಕ್ಕೆ ಎಫ್ಐಆರ್ ಆಗಿರಬೇಕೆಂದೇನೂ ಇಲ್ಲ. ‘ಪೊಲೀಸರಿಗೆ ಮಾತ್ರ’ ಎಂಬುದು ಆಸ್ಪತ್ರೆಗಳ ರೂಢಿ. ಸರ್ಟಿಫಿಕೇಟ್ ಕೇಳಿ ಪತ್ರ ಬರೆಯುವವರು ಪೊಲೀಸರೇ ಆದ್ದರಿಂದ ಆ ರೂಢಿ ಬೆಳೆದಿದೆ. ಇನ್ನು ಚಿಕಿತ್ಸೆಯ ದಾಖಲೆಗಳ ಮಾತು ಬೇರೆ: ರೋಗಿ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮಾವಳಿಯೇ ಹೇಳುತ್ತದೆ.

ಕೋರ್ಟಿನವರೆಗೆ ಕಾಯಬೇಡಿ ಎನ್ನುವುದಕ್ಕೆ ಕಾರಣವಿದೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಮೂಳೆ ಮುರಿದರೆ ಅದು ತೀವ್ರ ಗಾಯ. ಸಾದಾ ಗಾಯಕ್ಕೆ ಒಂದು ವರ್ಷದವರೆಗೆ ಶಿಕ್ಷೆ, ತೀವ್ರ ಗಾಯಕ್ಕೆ ಏಳು ವರ್ಷದವರೆಗೆ. ಸಾದಾ ಗಾಯವಾದರೆ ಪೊಲೀಸರು ಎನ್‌ಸಿ ಬರೆದು ಕೈತೊಳೆದುಕೊಳ್ಳಬಹುದು, ತೀವ್ರ ಗಾಯವಾದರೆ ಎಫ್ಐಆರ್ ಮಾಡಲೇಬೇಕು. ನಿಮ್ಮ ತಂಗಿಯ ಸರ್ಟಿಫಿಕೇಟಿನಲ್ಲಿ ವೈದ್ಯರು ಇವೆರಡರಲ್ಲಿ ಯಾವುದನ್ನು ಬರೆದಿದ್ದಾರೆ ಎಂಬುದು ನಿಮಗೆ ಇಂದಿಗೂ ಗೊತ್ತಿಲ್ಲ. ಎಕ್ಸ್‌ರೇ ವರದಿ ಬರುವ ಮೊದಲೇ ‘ಸಾದಾ’ ಎಂದು ಬರೆದು ಕಳಿಸಿದ್ದರೆ? ಈಗಲೇ ತಿಳಿದರೆ ಎಕ್ಸ್‌ರೇ ಇಟ್ಟು ಅಂತಿಮ ಅಭಿಪ್ರಾಯ ಕೊಡಿ ಎಂದು ಕೇಳಬಹುದು. ಪಾಟೀಸವಾಲಿನ ದಿನ ತಿಳಿದರೆ ಏನು ಪ್ರಯೋಜನ?

‘ಜಾರಿ ಬಿದ್ದು’ ಎಂಬ ಎರಡು ಪದಕ್ಕೆ ಹೆದರಬೇಡಿ. ನೀವು ಕಳಿಸಿದ ಎಕ್ಸ್‌ರೇ ವರದಿಯ ಪ್ರಕಾರ ಮುರಿದಿರುವುದು ಮುಂಗೈಯಲ್ಲಿ ಕಿರುಬೆರಳ ಬದಿಯ ಅಲ್ನಾ ಮೂಳೆ ಒಂದೇ, ಅದೂ ನಡುಭಾಗದಲ್ಲಿ. ಜಾರಿ ಬೀಳುವವರು ಸಾಮಾನ್ಯವಾಗಿ ಅಂಗೈ ಊರುತ್ತಾರೆ, ಮಣಿಕಟ್ಟಿನ ಹತ್ತಿರ ಹೆಬ್ಬೆರಳ ಬದಿಯ ಮೂಳೆ ಮುರಿಯುವುದೇ ಹೆಚ್ಚು. ತಲೆಗೆ ಬರುವ ಏಟಿಗೆ ಕೈ ಅಡ್ಡ ಹಿಡಿದವರಿಗೆ ಆಗುವುದು ನಿಮ್ಮ ತಂಗಿಗೆ ಆದಂಥ ಪೆಟ್ಟು. ವಿಧಿವಿಜ್ಞಾನ ಓದಿದ ವೈದ್ಯರಿಗೆ ಇದು ಹೊಸದಲ್ಲ. ಇದರಿಂದಲೇ ಕೇಸು ಗೆಲ್ಲುತ್ತದೆ ಎನ್ನಲಾರೆ. ಆದರೆ ಕಾರಣ ಹೇಳಿದ್ದು ತಾನಲ್ಲ, ಪಕ್ಕದಲ್ಲಿದ್ದ ಅತ್ತೆ ಎಂದು ತಂಗಿ ತನ್ನ ಹೇಳಿಕೆಯಲ್ಲಿ ಬರೆಸಿದಾಗ ಆ ಮೂಳೆ ಅವಳ ಮಾತಿಗೆ ಬಲವಾಗುತ್ತದೆ. (ಪೆಟ್ಟು ತಿಂದವಳನ್ನು ಒಬ್ಬಳನ್ನೇ ಕೂರಿಸಿ ಕೇಳುವ ವ್ಯವಧಾನ ನಮ್ಮ ಕ್ಯಾಶುವಾಲ್ಟಿಗಳಿಗೆ ಯಾವಾಗ ಬರುತ್ತದೋ!)

ಚಾರ್ಜ್‌ಶೀಟ್ ಆದ ಮೇಲಿನ ದಾರಿ ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮಿನಲ್ಲಿದೆ. ಆರೋಪಿ ಕೋರ್ಟಿಗೆ ಬಂದ 14 ದಿನದೊಳಗೆ ಕಾಗದಗಳ ಪ್ರತಿ ಆರೋಪಿಯಂತೆ ನೊಂದವರಿಗೂ ಪುಕ್ಕಟೆ ಸಿಗಬೇಕು, ಆದರೆ ಅವರ ಪರ ವಕೀಲರಿದ್ದರೆ ಮಾತ್ರ. ಹೊಡೆದವನಿಗೆ ಇಲ್ಲದ ಈ ಷರತ್ತು ಹೊಡೆಸಿಕೊಂಡವಳಿಗೆ ಏಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ.

ಆಸ್ಪತ್ರೆಯಲ್ಲಿ ಇನ್ನು ಬಾಯಿಮಾತು ಬೇಡ. ಆಡಳಿತ ವೈದ್ಯಾಧಿಕಾರಿಯ ಹೆಸರಿಗೆ ಅರ್ಜಿ ಬರೆಯಿರಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣವೆಂದು ಆಸ್ಪತ್ರೆ ಮಾಡುವ ದಾಖಲೆ) ನಂಬರು, ದಾಖಲಾದ ದಿನ, 17ನೇ ನಿಯಮ ಮೂರೂ ಅದರಲ್ಲಿರಲಿ, ಸಹಿ ತಂಗಿಯದೇ ಇರಲಿ. ಎಂಎಲ್‌ಸಿ ನಂಬರು ಚೀಟಿಯಲ್ಲಿ ಇಲ್ಲದಿದ್ದರೆ ಕ್ಯಾಶುವಾಲ್ಟಿಯ ರಿಜಿಸ್ಟರಿನಲ್ಲಿ ನೋಡಿಸಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅದು ನಿಮ್ಮ ಮನೆಯಲ್ಲಿರಲಿ, ಅವಳ ಗಂಡನ ಮನೆಯ ಬೀರುವಿನಲ್ಲಿ ಬೇಡ.