ಪಿಯುಸಿ ಆದ ಮೇಲೆ ಸೈನ್ಯದ ಆಫೀಸರ್ ತರಬೇತಿಗೆ, ಅಂದ್ರೆ ಎನ್‌ಡಿಎ (ಮೂರೂ ಪಡೆಗಳ ಅಕಾಡೆಮಿ) ಇಲ್ಲವೇ ಟಿಇಎಸ್ (ಭೂಸೇನೆಯ ಇಂಜಿನಿಯರಿಂಗ್ ಪ್ರವೇಶ) ಸೇರಿದರೆ ಡಿಗ್ರಿ ಪೂರ್ತಿ ಉಚಿತ ಅಂತಾರೆ. ಅಪ್ಪನಿಗೆ ಇಂಜಿನಿಯರಿಂಗ್ ಫೀಸ್ ಕಟ್ಟೋಕೆ ಆಗಲ್ಲ. ಡಿಗ್ರಿ ಮುಗಿಸಿ ಆಮೇಲೆ ಐಟಿಗೆ ಹೋಗಬಹುದಾ? ಎರಡರಲ್ಲಿ ಯಾವುದು ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಕೂತಿದ್ದೆ. ಹದಿನೇಳನೇ ವಯಸ್ಸಿನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಎರಡರಲ್ಲಿ ಯಾವುದು ಒಳ್ಳೆಯದು ಅನ್ನೋದನ್ನ ಆಮೇಲೆ ನೋಡೋಣ. ಮೊದಲು ನನಗೆ ಏನಾಯಿತು ಅಂತ ಹೇಳುತ್ತೇನೆ.

ನಮ್ಮದು ಶಿರಾ ಕಡೆ ಒಂದು ಹಳ್ಳಿ. ಅಪ್ಪ ಟೈಲರ್. ಬಸ್ ಸ್ಟ್ಯಾಂಡ್ ಪಕ್ಕ ಪುಟ್ಟ ಅಂಗಡಿ, ಕಾಲಲ್ಲಿ ತುಳಿಯೋ ಮಷೀನು. ರೆಡಿಮೇಡ್ ಬಟ್ಟೆ ಬಂದ ಮೇಲೆ ಜೂನ್ ತಿಂಗಳ ಸ್ಕೂಲ್ ಯೂನಿಫಾರಂ ಬಿಟ್ಟರೆ ಹೊಸ ಬಟ್ಟೆ ಹೊಲಿಸೋರೇ ಕಮ್ಮಿ. ಉಳಿದ ದಿನವೆಲ್ಲ ಜಿಪ್ ಹಾಕೋದು, ಪ್ಯಾಂಟಿನ ಉದ್ದ ಕಮ್ಮಿ ಮಾಡೋದು. ನಾನು ಸೆಕೆಂಡ್ ಪಿಯುಸಿಗೆ ಬಂದಾಗ ಯಾರೋ ಅಪ್ಪನಿಗೆ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ರೇಟು ಹೇಳಿದ್ದರು. ಅವತ್ತು ರಾತ್ರಿ ಅಪ್ಪ ತಟ್ಟೆ ಮುಂದೆ ಕೂತು ಮುದ್ದೆ ಮುರೀತಾನೇ ಇದ್ದರು, ಬಾಯಿಗೆ ಹಾಕಿಕೊಳ್ಳಲಿಲ್ಲ.

ಆಗ ನಮ್ಮ ಫಿಸಿಕ್ಸ್ ಮೇಷ್ಟ್ರು ಎನ್‌ಡಿಎ ವಿಷಯ ಹೇಳಿದರು. ಊಟ, ವಸತಿ, ಪುಸ್ತಕ, ಯೂನಿಫಾರಂ, ಔಷಧಿ ಎಲ್ಲಾ ಸರ್ಕಾರದ್ದು. ಕೊನೆಗೆ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಡಿಗ್ರಿ. ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವರು ಸೈನ್ಯದ ಬಗ್ಗೆ ಹತ್ತು ಮಾತಾಡಿ ಡಿಗ್ರಿ ಬಗ್ಗೆ ಒಂದು ಮಾತು ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಆ ಒಂದೇ ಮಾತು.

ಓದಿದೆ, ಚೆನ್ನಾಗೇ ಓದಿದೆ. ಯುಪಿಎಸ್‌ಸಿ ಬರವಣಿಗೆ ಪರೀಕ್ಷೆ 900 ಅಂಕಕ್ಕೆ, ಅದರಲ್ಲಿ ಗಣಿತ 300, ಸಾಮಾನ್ಯ ಸಾಮರ್ಥ್ಯ 600. ಗಣಿತ ನನಗೆ ಕಷ್ಟವಾಗಲಿಲ್ಲ. ಪಾಸಾದ ಮೇಲೆ ಎಸ್‌ಎಸ್‌ಬಿ, ಅಂದ್ರೆ ಸೈನ್ಯದ ಆಯ್ಕೆ ಮಂಡಳಿಯ ಸಂದರ್ಶನ, ಅದಕ್ಕೂ 900. ಐದು ದಿನ ಅಲ್ಲೇ ಇರಬೇಕು. ಒಂದು ಪರೀಕ್ಷೆಯಲ್ಲಿ ಪರದೆ ಮೇಲೆ 60 ಪದ ಒಂದೊಂದಾಗಿ ಬರುತ್ತವೆ, ಒಂದೊಂದಕ್ಕೆ 15 ಸೆಕೆಂಡ್. ಅಷ್ಟರಲ್ಲಿ ಒಂದು ವಾಕ್ಯ ಬರೀಬೇಕು. ಮನಸ್ಸಿನಲ್ಲಿ ಇರೋದು ಹೊರಗೆ ಬರಲಿ ಅಂತಲೇ ಅಷ್ಟು ಕಮ್ಮಿ ಸಮಯ ಕೊಡೋದು. ನಾನು ಮನೆಯಲ್ಲೇ ಉರು ಹೊಡೆದು ಹೋಗಿದ್ದೆ. ಇಂಟರ್‌ವ್ಯೂನಲ್ಲಿ "ಸೈನ್ಯ ಯಾಕೆ?" ಅಂದಾಗ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನಿಂದ ಬಂದಿದ್ದೇನೆ ಅಂತ ಶುರು ಮಾಡಿದೆ. ಕೊಡಗನ್ನ ನಾನು ಅವತ್ತಿಗೂ ನೋಡಿರಲಿಲ್ಲ. ಆಯ್ಕೆಯಾದೆ.

ಯಾವ ಅಕಾಡೆಮಿ ಸೇರಿದೆ ಅಂತ ಇಲ್ಲಿ ಬರೆಯಲ್ಲ. ಮುಂದೆ ಆದದ್ದರಲ್ಲಿ ಅವರ ತಪ್ಪಿಲ್ಲ, ನನ್ನದು.

ಸೇರುವ ಪತ್ರದ ಜೊತೆ ತರಬೇಕಾದ ಸಾಮಾನಿನ ಪಟ್ಟಿ ಬಂತು. ಅದರಲ್ಲಿ ಬಿಳಿ ಶರ್ಟುಗಳೂ ಇದ್ದವು. ಅಪ್ಪ ತುಮಕೂರಿಗೆ ಹೋಗಿ ಬಟ್ಟೆ ತಂದು ಆರು ಶರ್ಟು ತಾವೇ ಹೊಲಿದರು. ಅಂಗಡಿ ಬಾಗಿಲು ಹಾಕಿದ ಮೇಲೆ ರಾತ್ರಿ ಹೊತ್ತು ಹೊಲೀತಿದ್ದರು. ಕಾಲರಿಗೆ ಎರಡು ಸಾಲು ಹೊಲಿಗೆ, ಕಾಜಾ ಎಲ್ಲಾ ಕೈಯಲ್ಲೇ. ಬಂದ ಗಿರಾಕಿಗೆಲ್ಲ ತೋರಿಸಿ "ಮಗ ಆಫೀಸರ್ ಆಯ್ತಾ ಅವ್ನೆ" ಅಂತಿದ್ದರು.

ಅದೇ ಕವರಿನಲ್ಲಿ ಇನ್ನೊಂದು ಕಾಗದ ಇತ್ತು. ಬಾಂಡ್. ಅದನ್ನ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ, ಹುಡುಗನ ತಂದೆ ಇಲ್ಲವೇ ಪೋಷಕರು ಸಹಿ ಹಾಕಬೇಕು. ಕೋರ್ಟ್ ಹತ್ತಿರ ಟೈಪ್ ಮಾಡಿಸಿದೆವು. ಪೂರ್ತಿ ಇಂಗ್ಲಿಷು. ಅಪ್ಪ ಓದಿರೋದು ಏಳನೇ ಕ್ಲಾಸು, ಇಂಗ್ಲಿಷ್ ಬರಲ್ಲ. ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು.

"ಏನ್ ಬರ್ದವ್ರಪ್ಪಾ ಇದ್ರಾಗೆ?"

"ಏನಿಲ್ಲಪ್ಪಾ, ಸುಮ್ನೆ ಫಾರ್ಮಾಲಿಟಿ. ಎಲ್ಲಾರೂ ಹಾಕ್ತಾರೆ."

ಅಪ್ಪ ಪುಟಪುಟಕ್ಕೂ ಕನ್ನಡದಲ್ಲಿ ಸಹಿ ಹಾಕಿದರು. ಮಾವ ಸಾಕ್ಷಿ ಹಾಕಿದರು. ಹೊರಗೆ ಬಂದು ಮೂವರೂ ಟೀ ಕುಡಿದೆವು.

ನನ್ನ ತಪ್ಪು ಇದೇ. ಇದೊಂದನ್ನ ಬಿಡಿಸಿ ಹೇಳಬೇಕು. ಯಾಕಂದ್ರೆ ನೀವು ಈಗ ನಿಂತಿರೋದು ಇದೇ ಜಾಗದಲ್ಲಿ.

ನಾನು ಆ ಕಾಗದ ಓದಿರಲಿಲ್ಲ ಅಂತಲ್ಲ. ಓದಿದ್ದೆ. ಅದರಲ್ಲಿ ಇದ್ದದ್ದು ಇಷ್ಟು: ಹುಡುಗ ತನ್ನ ಕೈಯಲ್ಲೇ ಇರುವ ಕಾರಣಕ್ಕೆ ತರಬೇತಿ ಅರ್ಧಕ್ಕೆ ಬಿಟ್ಟರೆ, ಅಥವಾ ಮುಗಿಸಿಯೂ ಆಫೀಸರ್ ಹುದ್ದೆ ಒಪ್ಪಿಕೊಳ್ಳದಿದ್ದರೆ, ಅಲ್ಲಿಯವರೆಗೆ ಅವನ ಪಾಠ, ಊಟ, ಬಟ್ಟೆಗೆ ಆದ ಖರ್ಚು ಮತ್ತು ಅವನಿಗೆ ಕೊಟ್ಟ ಹಣವನ್ನ ಸರ್ಕಾರ ಹೇಳಿದಷ್ಟು ವಾಪಸ್ ಕಟ್ಟಬೇಕು. ಇದು ಮುಚ್ಚಿಟ್ಟ ವಿಷಯವೇನಲ್ಲ, ಯುಪಿಎಸ್‌ಸಿ ಅಧಿಸೂಚನೆಯಲ್ಲೇ ಇರುತ್ತದೆ. ಈ ಖರ್ಚನ್ನ ವಾರದ ಲೆಕ್ಕದಲ್ಲಿ ಹಿಡಿಯೋದೂ ಉಂಟು. ಪದವಿ ಮುಗಿಸಿ ಸೇರುವವರ ಕೆಲವು ಅಧಿಸೂಚನೆಗಳಲ್ಲಿ ವಾರಕ್ಕೆ 10,000 ರೂಪಾಯಿ ಮೀರಿದ ಮೊತ್ತವೇ ಅಚ್ಚಾಗಿದೆ. ಒಂದು ವರ್ಷಕ್ಕೆ 52 ವಾರ. ನೀವೇ ಗುಣಿಸಿ ನೋಡಿ.

ನಾನು ಓದಿದ್ದೆ, ಆದರೆ ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅಂದುಬಿಡುತ್ತಾರೆ ಅನ್ನೋ ಭಯ. ನಾನ್ಯಾಕೆ ಬಿಟ್ಟು ಬರ್ತೀನಿ ಅನ್ನೋ ಧೈರ್ಯ. ಹದಿನೇಳನೇ ವಯಸ್ಸಿನವನ ಧೈರ್ಯಕ್ಕೆ ಜಾಮೀನು ನಿಂತವರು ಅಪ್ಪ. ಏನಕ್ಕೆ ನಿಂತಿದ್ದೀನಿ ಅನ್ನೋದು ಅವರಿಗೇ ಗೊತ್ತಿರಲಿಲ್ಲ.

ಎರಡನೇ ತಿಂಗಳಿಗೇ ಇದು ನನ್ನ ಜೀವನ ಅಲ್ಲ ಅಂತ ಗೊತ್ತಾಯಿತು. ಕಷ್ಟ ಅಂತಲ್ಲ. ಓಟ, ಡ್ರಿಲ್, ರಗಡಾ (ಮೈ ದಣಿಸೋ ಶಿಕ್ಷೆ) ಎಲ್ಲಾ ದೇಹ ಕಲಿತುಬಿಡುತ್ತದೆ. ನಾನು ಹೋದದ್ದು ಓದೋಕೆ. ಬೆಳಗಿನ ಜಾವ ಎದ್ದು ಪಿಟಿ, ಡ್ರಿಲ್ ಮುಗಿಸಿ ಕ್ಲಾಸಿಗೆ ಬಂದು ಕೂತರೆ ಕಣ್ಣು ಮುಚ್ಚಿಹೋಗುತ್ತಿತ್ತು. ನಾನು ಯಾವುದಕ್ಕಾಗಿ ಬಂದಿದ್ದೆನೋ ಅದೇ ಹೊತ್ತಿಗೆ ನಿದ್ದೆ. ಪಕ್ಕದ ಕೋಣೆಯಲ್ಲಿ ಹರಿಯಾಣದ ಒಬ್ಬ ಹುಡುಗ ಇದ್ದ. ಅವನ ಹಿಮ್ಮಡಿ ಪೂರ್ತಿ ಬೊಬ್ಬೆ. ರಾತ್ರಿ ಹನ್ನೊಂದಕ್ಕೆ ನೆಲದ ಮೇಲೆ ಕೂತು, ಹತ್ತಿಯನ್ನ ನೀರಲ್ಲಿ ಅದ್ದಿ, ಡ್ರಿಲ್ ಶೂ ಮೂತಿಗೆ ಪಾಲಿಶ್ ತೀಡುತ್ತಿದ್ದ. ಸುತ್ತಿ ಸುತ್ತಿ ತೀಡಿ, ಅದರಲ್ಲಿ ಟ್ಯೂಬ್‌ಲೈಟ್ ಕಾಣಿಸಿದ ಮೇಲೆ ನನ್ನನ್ನ ಕರೆದು ತೋರಿಸಿದ. ಅವನ ಮುಖದಲ್ಲಿ ಎಂಥ ಖುಷಿ! ಅವನಿಗೆ ಡಿಗ್ರಿ ಯಾವುದರಲ್ಲಿ ಅನ್ನೋದೇ ಮುಖ್ಯ ಆಗಿರಲಿಲ್ಲ. ನನ್ನ ಕಾಲಲ್ಲೂ ಬೊಬ್ಬೆ ಇತ್ತು, ಆ ಖುಷಿ ಇರಲಿಲ್ಲ. ಅವನ ಜಾಗ ಅದು, ನನ್ನದಲ್ಲ ಅಂತ ಅವತ್ತೇ ಅನ್ನಿಸಿತು.

ಅವತ್ತೇ ಮನೆಗೆ ಹೇಳಿದ್ದರೆ ಎಂಟ್ಹತ್ತು ವಾರದ ದುಡ್ಡು ಆಗುತ್ತಿತ್ತು. ಅಪ್ಪ ಹೇಗೋ ಹೊಂದಿಸುತ್ತಿದ್ದರು. ಆದರೆ ಬಿಟ್ಟು ಬರ್ತೀನಿ ಅನ್ನಬೇಕಾದರೆ ಮೊದಲು ಬಾಂಡ್ ವಿಷಯ ಹೇಳಬೇಕು. ಬಾಂಡ್ ವಿಷಯ ಹೇಳಬೇಕಾದರೆ ಕೋರ್ಟ್ ಮುಂದೆ ನಿಮಗೆ ಸುಳ್ಳು ಹೇಳಿದೆ ಅನ್ನಬೇಕು. ಅದೊಂದು ಮಾತು ಬಾಯಿಗೆ ಬರಲಿಲ್ಲ. ಭಾನುವಾರ ಫೋನ್ ಮಾಡಿದಾಗಲೆಲ್ಲ ಅಪ್ಪ "ಶರ್ಟು ಸರಿ ಆಗ್ತಾವೇನಪ್ಪಾ, ಭುಜ ಬಿಗಿಯಾಗಿಲ್ವಾ?" ಅಂತ ಕೇಳೋರು. "ಸರಿಯಾಗಿವೆ" ಅಂತಿದ್ದೆ. ಈ ಭಾನುವಾರ ಹೇಳ್ತೀನಿ, ಮುಂದಿನ ಭಾನುವಾರ ಹೇಳ್ತೀನಿ ಅಂತ ಮೂರು ಟರ್ಮ್ ಕಳೆಯಿತು. ಅಂದ್ರೆ ಒಂದೂವರೆ ವರ್ಷ. ಒಂದೊಂದು ವಾರ ಸುಮ್ಮನಿದ್ದದ್ದಕ್ಕೂ ಒಂದೊಂದು ವಾರದ ಬಿಲ್ಲು ಏರುತ್ತಿತ್ತು.

ಕೊನೆಗೆ ಹೇಳಿದೆ. ಅಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ಪೇಪರ್‌ನಾಗೆ ಇದೇ ಇತ್ತೇನಪ್ಪಾ?" ಅಂದರು. ಅಷ್ಟೇ.

ಅಜ್ಜನ ಕಾಲದ ಮೂವತ್ತು ಗುಂಟೆ ಹೊಲ ಹೋಯಿತು. ಅಕ್ಕನ ಮದುವೆಗೆ ಅಂತ ಸೊಸೈಟಿಯಲ್ಲಿ ಇಟ್ಟಿದ್ದ ದುಡ್ಡೂ ಹೋಯಿತು. ನಾನು ಟ್ರಂಕ್ ಹೊತ್ತು ಮನೆಗೆ ಬಂದಾಗ ನನ್ನ ಕೈಯಲ್ಲಿ ಇದ್ದದ್ದು ಪಿಯುಸಿ ಮಾರ್ಕ್ಸ್ ಕಾರ್ಡ್ ಒಂದೇ.

ಈಗ ನಿಮ್ಮ ಪ್ಲಾನಿಗೆ ಬರೋಣ. "ಡಿಗ್ರಿ ಮುಗಿಸಿ ಆಮೇಲೆ ಐಟಿ" ಅನ್ನೋದು ನಡೆಯೋ ಮಾತಲ್ಲ. ಎನ್‌ಡಿಎ ಆಗಲಿ ಟಿಇಎಸ್ ಆಗಲಿ, ಕೊಡೋದು ಪರ್ಮನೆಂಟ್ ಕಮಿಷನ್, ಅಂದ್ರೆ ನಿವೃತ್ತಿವರೆಗಿನ ಆಫೀಸರ್ ಹುದ್ದೆ. ಬೇಕಾದಾಗ ರಾಜೀನಾಮೆ ಬರೆದಿಟ್ಟು ಎದ್ದು ಬರೋಕೆ ಅದು ಕಂಪನಿ ಅಲ್ಲ. ಕೊಟ್ಟ ರಾಜೀನಾಮೆಯನ್ನ ಸರ್ಕಾರ ಒಪ್ಪಬೇಕು. ಆಫೀಸರ್‌ಗೆ ಪೆನ್ಷನ್ ಬರಬೇಕಾದರೆ 20 ವರ್ಷ ಸೇವೆ ಆಗಿರಬೇಕು. ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಎನ್‌ಡಿಎಯಿಂದ ಭೂಸೇನೆಗೆ ಹೋಗುವವರಿಗೆ ಸಿಗೋದು ಬಿಎಸ್ಸಿ ಇಲ್ಲವೇ ಬಿಎ. ಇಂಜಿನಿಯರಿಂಗ್ ಅಲ್ಲ. ಬಿಟೆಕ್ ಇರೋದು ನೌಕಾಪಡೆ, ವಾಯುಪಡೆ ಕಡೆಗೆ. ಟಿಇಎಸ್‌ನಲ್ಲಿ ಬಿಟೆಕ್ ಸಿಗುತ್ತದೆ ನಿಜ. ಅದಕ್ಕೆ ಪಿಸಿಎಂನಲ್ಲಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಶೇ. 60 ಬೇಕು, ಇಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪರೀಕ್ಷೆ ಜೆಇಇ ಮೇನ್ ಬರೆದಿರಬೇಕು. ನಮ್ಮ ಕಡೆ ಹುಡುಗರು ಸಿಇಟಿ ಒಂದನ್ನೇ ಬರೆದು ಇಲ್ಲಿ ಸಿಕ್ಕಿಬೀಳುತ್ತಾರೆ. ಎರಡಕ್ಕೂ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ.

ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದಿರಿ. ಫೀಸ್ ಉಳಿಸೋಕೆ ಅಂತಾದರೆ ಎರಡೂ ಬೇಡ. ಇದು ನನ್ನ ಖಚಿತ ಅಭಿಪ್ರಾಯ. ಬೇರೆಯವರು ಬಂದು ಶಿಸ್ತು ಬರುತ್ತದೆ, ಗೌರವ ಸಿಗುತ್ತದೆ ಅಂತ ಬರೀತಾರೆ. ಅದೆಲ್ಲ ನಿಜವೇ. ಆದರೆ ನೀವು ಕೇಳಿದ್ದು ಅದನ್ನಲ್ಲ, ಫೀಸ್ ಬಗ್ಗೆ. ಸೈನ್ಯ ಕೊಡೋದು ಸ್ಕಾಲರ್‌ಶಿಪ್ ಅಲ್ಲ, ಕೆಲಸ. ಓದಿಸೋದು ಆ ಕೆಲಸಕ್ಕೆ ಬೇಕು ಅಂತ. ರಾತ್ರಿ ಹನ್ನೊಂದಕ್ಕೆ ಶೂ ತೀಡುತ್ತಾ ಖುಷಿಪಡೋ ಹುಡುಗ ನೀವಾಗಿದ್ದರೆ ಈ ಉತ್ತರ ಇಲ್ಲಿಗೇ ಬಿಟ್ಟು ಇವತ್ತೇ ಅರ್ಜಿ ಹಾಕಿ. ನಿಮ್ಮಂಥವರು ಅಲ್ಲಿ ಬೇಕು. ಅಲ್ಲ ಅಂದ್ರೆ ನೀವು ಆ ಹುಡುಗನ ಸೀಟು ಹಿಡಿದುಕೊಂಡು ಕೂರುತ್ತೀರಿ. ನಾನು ಒಂದೂವರೆ ವರ್ಷ ಹಿಡಿದುಕೊಂಡಿದ್ದೆ. ದುಡ್ಡಿಗಿಂತ ಅದು ನನ್ನನ್ನ ಈಗಲೂ ಜಾಸ್ತಿ ಕಾಡುತ್ತದೆ.

ಸೈನ್ಯ ಇಷ್ಟ, ಆದರೆ ಇನ್ನೂ ಖಚಿತ ಇಲ್ಲ ಅನ್ನೋದಾದರೆ ಅವಸರ ಯಾಕೆ? ಡಿಗ್ರಿ ಮುಗಿಸಿ ಸಿಡಿಎಸ್ ಬರೀಬಹುದು, ಅದು ಪದವೀಧರರಿಗೆ ಯುಪಿಎಸ್‌ಸಿ ನಡೆಸೋ ಸೈನ್ಯದ ಆಫೀಸರ್ ಪರೀಕ್ಷೆ. ಇಂಜಿನಿಯರಿಂಗ್ ಮುಗಿಸಿದವರಿಗೆ ಎಸ್‌ಎಸ್‌ಸಿ ಟೆಕ್ (ಶಾರ್ಟ್ ಸರ್ವಿಸ್ ಕಮಿಷನ್) ಇದೆ, 10 ವರ್ಷದ ಸೇವೆ, ಬೇಕಾದರೆ ಇನ್ನೂ 4 ವರ್ಷ ಮುಂದುವರಿಸಬಹುದು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ 'ಸಿ' ಸರ್ಟಿಫಿಕೇಟ್ ತಗೊಂಡರೆ, ಬರವಣಿಗೆ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗೋ ದಾರಿಯೂ ಇದೆ. ಎನ್‌ಸಿಸಿ ಕ್ಯಾಂಪಿನಲ್ಲಿ ಹತ್ತು ದಿನ ಇದ್ದರೆ ಈ ಜೀವನ ಹಿಡಿಸುತ್ತೋ ಇಲ್ಲವೋ ಅಂತ ಸುಮಾರಾಗಿ ಗೊತ್ತಾಗುತ್ತದೆ, ಅದೂ ಯಾರ ಹೊಲವನ್ನೂ ಮಾರದೆ.

ಫೀಸಿನ ವಿಷಯಕ್ಕೆ ಬಂದರೆ, ನಾನು ವಾಪಸ್ ಬಂದು ಹಳೇ ಪುಸ್ತಕ ಹುಡುಕಿ ಮತ್ತೆ ಸಿಇಟಿ ಬರೆದೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜಲ್ಲಿ ಸೀಟು ಸಿಕ್ಕಿತು. ಫೀಸು ಅಪ್ಪ ಕೇಳಿಕೊಂಡು ಬಂದಿದ್ದ ರೇಟಿನ ಹತ್ತಿರಕ್ಕೂ ಇರಲಿಲ್ಲ. ಅಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ, ಅಂದ್ರೆ ಹೆಚ್ಚುವರಿ ಸೀಟಿನ) ಕೋಟಾದಲ್ಲಿ ಬಂದಿದ್ದಳು, ಟ್ಯೂಷನ್ ಫೀಸೇ ಇಲ್ಲ. ಆ ಹೆಸರು ನಾನು ಕೇಳಿದ್ದೇ ಅವತ್ತು. ಕಾಲೇಜಿನ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು ಇದಕ್ಕೆ ಅಂತಲೇ ಇರುತ್ತವೆ. ಈಗ ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇದ್ದರೆ ಸಾಕು. ಟ್ಯೂಷನ್ ಫೀಸ್ ಮಾಫಿ, ಉಳಿದ ಸಣ್ಣಪುಟ್ಟ ಫೀಸು ಮಾತ್ರ ಕಟ್ಟಬೇಕು. ಅಪ್ಪ ಮುದ್ದೆ ಮುರೀತಾ ಕೂತಿದ್ದ ಆ ರಾತ್ರಿ ನಮಗೆ ಬೇಕಾಗಿದ್ದದ್ದು ಈ ಒಂದು ಮಾಹಿತಿ.

ಆ ಆರು ಶರ್ಟುಗಳನ್ನ ನಾಲ್ಕು ವರ್ಷ ಕಾಲೇಜಿಗೆ ಹಾಕಿದೆ. ಕಾಲರು ಸವೆದಾಗ ಅಪ್ಪ ಹೊಲಿಗೆ ಬಿಚ್ಚಿ, ತಿರುವಿ ಹಾಕಿ ಕೊಟ್ಟರು. ಕೆಲಸ ಸಿಕ್ಕ ಮೇಲೆ ಅಕ್ಕನ ಮದುವೆ ನಾನೇ ಮಾಡಿದೆ. ಹೊಲ ಮಾತ್ರ ವಾಪಸ್ ಬರಲಿಲ್ಲ.

ನೀವು ಈಗ ಮಾಡಬೇಕಾದ್ದು ಇಷ್ಟು. ಅಧಿಸೂಚನೆ ಡೌನ್‌ಲೋಡ್ ಮಾಡಿ ಬಾಂಡ್ ಇರೋ ಭಾಗ ಹುಡುಕಿ. ಇವತ್ತು ರಾತ್ರಿ ಅಪ್ಪ ಅಮ್ಮನನ್ನ ಕೂರಿಸಿಕೊಂಡು ಸಾಲುಸಾಲು ಕನ್ನಡದಲ್ಲಿ ಹೇಳಿ. ಅವರು ಏನೇ ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಿ. ನಾಳೆ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಸಿಇಟಿ ಅರ್ಜಿಯಲ್ಲಿ ಎಸ್‌ಎನ್‌ಕ್ಯೂ ಕೇಳೋಕೆ ಆ ಪ್ರಮಾಣಪತ್ರದ ಮೇಲೆ ಇರೋ ಆರ್‌ಡಿ ನಂಬರ್ ಬೇಕಾಗುತ್ತದೆ. ಕೊನೇ ವಾರದಲ್ಲಿ ಹೋದರೆ ಸರ್ವರ್ ಡೌನ್ ಅಂತ ವಾಪಸ್ ಕಳಿಸುತ್ತಾರೆ, ಬೇಗ ಹೋಗಿ.